ಆಂಪ್ಲಿಫೈಯರ್‌ಗೂ ಒಂದು ಸ್ಟೆಪ್ನಿ

1973ರ ಫೆಬ್ರವರಿ 9. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೇಪಲ್ಸ್ ಪೆವಿಲಿಯನ್. ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ತಂಡ ತನ್ನ ಹೊಸ ಸೌಂಡ್ ಸಿಸ್ಟಮ್ಮನ್ನು ಜನರ ಮುಂದೆ ಪರೀಕ್ಷೆಗೆ ಇಟ್ಟಿತ್ತು. ತಂತ್ರಜ್ಞರು 'ಪಿಂಕ್ ನಾಯ್ಸ್' (ಪ್ರತಿ ಸ್ಥಾಯಿಯಲ್ಲೂ ಸಮಾನ ಶಕ್ತಿ ಇರುವ, ಜೋರು ಮಳೆಯಂಥ ಸದ್ದು) ಹಾಕಿ ಎಲ್ಲವನ್ನೂ ಹೊಂದಿಸಿದ್ದರು. ಮೊದಲ ಹಾಡು ಶುರುವಾಯ್ತು, ಅಷ್ಟೇ... ಟ್ವೀಟರುಗಳೆಲ್ಲಾ, ಅಂದರೆ ಕೀಚು ಸ್ವರಗಳನ್ನು ನುಡಿಸೋ ಪುಟ್ಟ ಸ್ಪೀಕರುಗಳು, ಒಟ್ಟಿಗೆ ಸುಟ್ಟುಹೋದವು!

ಒಂದು ಸುಟ್ಟರೆ ಇನ್ನೊಂದು ಹಾಕಬಹುದು. ಎಲ್ಲವೂ ಒಂದೇ ಏಟಿಗೆ ಹೋದರೆ? ಲೈವ್ ಸೌಂಡ್‌ನಲ್ಲಿ ಬ್ಯಾಕಪ್ಪಿನ ಕಥೆ ಹೇಳೋದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಸರ್ವರು, ಡೇಟಾಬೇಸುಗಳ ಮಧ್ಯೆ ದಿನ ಕಳೆಯೋ ನಮ್ಮಂಥವರಿಗೆ ಈ ಕಥೆ ಬಹಳ ಪರಿಚಿತ ಅನ್ನಿಸುತ್ತೆ.

ಸ್ವಲ್ಪ ಹಿಂದೆ ಹೋಗೋಣ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ಹಾಡಿದಾಗ ಸೇರಿದ್ದವರು ಸುಮಾರು 55,600 ಜನ. ವಾದ್ಯಗಳಿಗೆ ಇದ್ದದ್ದು 100 ವ್ಯಾಟಿನ ವಾಕ್ಸ್ ಆಂಪ್ಲಿಫೈಯರುಗಳು, ಹಾಡುವ ದನಿಗೆ ಸ್ಟೇಡಿಯಮ್ಮಿನದೇ ಮೈಕು ವ್ಯವಸ್ಥೆ. ಅಭಿಮಾನಿಗಳ ಕಿರುಚಾಟದ ಮುಂದೆ ಅವು ಏನೇನೂ ಸಾಲಲಿಲ್ಲ. ಇರೋದೇ ಸಾಲದಿದ್ದಾಗ ಬ್ಯಾಕಪ್ಪಿನ ಮಾತೆಲ್ಲಿ?

1967ರಲ್ಲಿ ಕ್ರೌನ್ ಕಂಪನಿಯ ಡಿಸಿ-300 ಬಂತು. ಟ್ರಾನ್ಸಿಸ್ಟರ್ ಆಂಪ್, 8 ಓಮ್ ಲೋಡಿಗೆ ಪ್ರತಿ ಚಾನೆಲ್ಲಿಗೆ 150 ವ್ಯಾಟ್. ಶಕ್ತಿಯ ಬರ ನೀಗತೊಡಗಿತು, ಜೊತೆಗೆ ಹೊಸ ತಲೆನೋವೂ ಬಂತು. ಹಳೆಯ ವಾಲ್ವ್ ಆಂಪುಗಳಲ್ಲಿ ಸ್ಪೀಕರಿಗೂ ವಾಲ್ವಿಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಹೊಸ ಬಗೆಯ ಆಂಪುಗಳಲ್ಲಿ ಟ್ರಾನ್ಸಿಸ್ಟರ್ ನೇರವಾಗಿ ಸ್ಪೀಕರಿಗೆ ಜೋಡಣೆ. ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಒಳಗಿನ ಡಿಸಿ ವೋಲ್ಟೇಜ್ ಸೀದಾ ಸ್ಪೀಕರಿನ ಸುರುಳಿಗೆ ಹೋಗಿ ಅದನ್ನು ಸುಡುತ್ತೆ. ಅಂದರೆ ಆಂಪ್ ತಾನೊಂದೇ ಸಾಯೋದಿಲ್ಲ, ಪಕ್ಕದವರನ್ನೂ ಕರಕೊಂಡು ಹೋಗುತ್ತೆ. ಆಮೇಲೆ ಸ್ಟೆಪ್ನಿ ಆಂಪ್ ತಂದು ಏನು ಪ್ರಯೋಜನ, ಸ್ಪೀಕರೇ ಇಲ್ಲವಲ್ಲ!

ಗ್ರೇಟ್‌ಫುಲ್ ಡೆಡ್ ತಂಡ ಆರಿಸಿಕೊಂಡ ಮ್ಯಾಕಿಂಟಾಷ್ ಎಂಸಿ2300 (ಆಪಲ್‌ನವರದ್ದಲ್ಲ :) ಇದು ಬೇರೆಯೇ ಕಂಪನಿ) ಟ್ರಾನ್ಸಿಸ್ಟರ್ ಆಂಪೇ ಆದರೂ ಔಟ್‌ಪುಟ್‌ನಲ್ಲಿ ಆಟೋಫಾರ್ಮರ್ ಅನ್ನೋ ಸುರುಳಿ ಇತ್ತು. ಡಿಸಿ ಬಂದರೆ ಅದು ಬಹುಪಾಲು ಅಲ್ಲೇ ಇಳಿದುಹೋಗುತ್ತೆ. ಅದಕ್ಕೆ ತೆತ್ತ ಬೆಲೆ ತೂಕ: ಒಂದೊಂದು ಆಂಪ್ ಸುಮಾರು 58 ಕಿಲೋ.

ಸ್ಟ್ಯಾನ್‌ಫರ್ಡ್‌ನ ಪೆಟ್ಟು ತಿಂದ ಒಂದು ವರ್ಷದ ಮೇಲೆ, 1974ರ ಮಾರ್ಚ್ 23ರಂದು, ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಕೌ ಪ್ಯಾಲೇಸ್‌ನಲ್ಲಿ 'ವಾಲ್ ಆಫ್ ಸೌಂಡ್' ಪೂರ್ಣ ರೂಪದಲ್ಲಿ ಎದ್ದು ನಿಂತಿತು. ಔಸ್ಲಿ ಸ್ಟ್ಯಾನ್ಲಿಯ ಕನಸು, ಡ್ಯಾನ್ ಹೀಲಿ ಮತ್ತು ಅಲೆಂಬಿಕ್ ಕಂಪನಿಯವರ ಕೈಕೆಲಸ. ಆರುನೂರರ ಆಸುಪಾಸು ಸ್ಪೀಕರುಗಳು, 26 ಸಾವಿರ ವ್ಯಾಟಿಗೂ ಹೆಚ್ಚು ಶಕ್ತಿ. ಆದರೆ ನನಗೆ ಮುಖ್ಯ ಅನ್ನಿಸೋದು ಆ ಸಂಖ್ಯೆಗಳಲ್ಲ, ವೈರಿಂಗ್. ಎಲ್ಲ ವಾದ್ಯಗಳನ್ನೂ ಕಲೆಸಿ ಒಂದೇ ಸ್ಪೀಕರ್ ರಾಶಿಗೆ ಕಳಿಸೋ ಬದಲು ಪ್ರತಿಯೊಂದಕ್ಕೂ ಬೇರೆಯೇ ಆಂಪುಗಳು, ಬೇರೆಯೇ ಸ್ಪೀಕರುಗಳು. ಫಿಲ್ ಲೆಶ್‌ನ ಬೇಸ್ ಗಿಟಾರಿನ ನಾಲ್ಕು ತಂತಿಗಳಿಗೆ ನಾಲ್ಕು ಚಾನೆಲ್!

ಇದನ್ನು ಮಾಡಿದ್ದು ಸದ್ದು ಸ್ವಚ್ಛವಾಗಿರಲಿ ಅಂತ. ಆದರೆ ಪುಕ್ಕಟೆಯಾಗಿ ಇನ್ನೊಂದು ಲಾಭವೂ ಬಂತು. ಒಂದು ಆಂಪ್ ಸತ್ತರೆ ಹೋಗೋದು ಒಂದು ವಾದ್ಯದ ಒಂದು ಪಾಲು ಮಾತ್ರ. ಉಳಿದದ್ದಕ್ಕೆ ಸುದ್ದಿಯೇ ಮುಟ್ಟೋದಿಲ್ಲ.

ಅಷ್ಟಕ್ಕೂ ಅದು ಉಳಿಯಲಿಲ್ಲ. 75 ಟನ್ ಸಾಮಾನು, ನಾಲ್ಕು ದೊಡ್ಡ ಟ್ರಕ್ಕು, 21 ಜನರ ತಂಡ. ಕಟ್ಟೋದಕ್ಕೆ ಹಿಡಿಯೋ ಸಮಯದಿಂದಾಗಿ ಒಂದು ಊರಲ್ಲಿ ಕಾರ್ಯಕ್ರಮ ನಡೆಯುವಾಗಲೇ ಇನ್ನೊಂದು ಸೆಟ್ ವೇದಿಕೆ, ಅಟ್ಟಣಿಗೆ ಮುಂದಿನ ಊರಿಗೆ ಹೋಗಬೇಕಿತ್ತು. 1973ರ ಕೊನೆಯ ತೈಲ ಬಿಕ್ಕಟ್ಟು ಬೇರೆ. 1974ರ ಅಕ್ಟೋಬರಿನಲ್ಲಿ ಅದಕ್ಕೆ ವಿದಾಯ. ಎಲ್ಲದಕ್ಕೂ ಬೇರೆ ಬೇರೆ ವ್ಯವಸ್ಥೆ ಮಾಡೋದು ಯಾರಿಗೂ ಪೂರೈಸೋದಿಲ್ಲ ಅನ್ನೋದು ಅದು ಬಿಟ್ಟುಹೋದ ಪಾಠ.

ಹಾಗಾದರೆ ಇರೋ ನಾಲ್ಕೇ ಆಂಪುಗಳಲ್ಲಿ ಬ್ಯಾಕಪ್ ಹೇಗೆ? ಇಲ್ಲಿಂದ ಮುಂದೆ ಕಥೆ ರ‍್ಯಾಕಿನೊಳಗೆ, ಅಂದರೆ ಆಂಪುಗಳನ್ನು ಒಂದರ ಮೇಲೊಂದು ಜೋಡಿಸೋ ಕಬ್ಬಿಣದ ಚೌಕಟ್ಟಿನೊಳಗೆ ನಡೆಯುತ್ತೆ.

ಎರಡು ಆಂಪ್, ತಲಾ ಎರಡು ಚಾನೆಲ್, ವೇದಿಕೆಯ ಎರಡೂ ಬದಿಗೆ ಸಬ್‌ವೂಫರುಗಳು ಅಂತಿಟ್ಟುಕೊಳ್ಳಿ. ಮೊದಲನೇ ಆಂಪ್ ಎಡಕ್ಕೆ, ಎರಡನೆಯದು ಬಲಕ್ಕೆ ಕೊಟ್ಟರೆ ನೋಡೋಕೆ ಅಚ್ಚುಕಟ್ಟು. ಆದರೆ ಒಂದು ಸತ್ತರೆ ಅರ್ಧ ಮೈದಾನಕ್ಕೆ ಬೇಸೇ ಇಲ್ಲ. ಪ್ರತಿ ಆಂಪಿನ ಒಂದು ಚಾನೆಲ್ ಎಡಕ್ಕೆ, ಒಂದು ಬಲಕ್ಕೆ ಕೊಟ್ಟರೆ? ಒಂದು ಸತ್ತಾಗ ಎರಡೂ ಕಡೆ ಅರ್ಧದಷ್ಟು ಪೆಟ್ಟಿಗೆಗಳು ನಿಲ್ಲುತ್ತವೆ, ಸದ್ದು ಸುಮಾರು 6 ಡೆಸಿಬಲ್ ತಗ್ಗುತ್ತೆ, ಕಾರ್ಯಕ್ರಮ ಮಾತ್ರ ನಡೆಯುತ್ತೆ. ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಬದಲಾದದ್ದು ವೈರು ಮಾತ್ರ.

ಸತ್ತ ಆಂಪಿನ ಲೋಡನ್ನು ಪಕ್ಕದ್ದಕ್ಕೆ ಹೊರಿಸೋದು ಇನ್ನೊಂದು ದಾರಿ. ಇಲ್ಲಿ ಲೆಕ್ಕ ಬೇಕು. 8 ಓಮಿನ ಎರಡು ಪೆಟ್ಟಿಗೆ ಸಮಾನಾಂತರವಾಗಿ ಹಾಕಿದರೆ 4 ಓಮ್, ನಾಲ್ಕು ಹಾಕಿದರೆ 2 ಓಮ್. 2 ಓಮಿಗೆ ತಡೆಯದ ಆಂಪ್ ಆದರೆ ಅದೂ ಬಿಸಿಯೇರಿ ಬಾಯಿ ಮುಚ್ಚುತ್ತೆ. ಒಂದು ಸರ್ವರ್ ಬಿದ್ದಾಗ ಅದರ ಟ್ರಾಫಿಕ್ಕೆಲ್ಲಾ ಇನ್ನೊಂದರ ಮೇಲೆ ಬಿದ್ದು ಅದೂ ಮಲಗೋದನ್ನು ನಮ್ಮಲ್ಲಿ ಎಷ್ಟು ಜನ ನೋಡಿಲ್ಲ?

ಇನ್ನು ಸ್ಟೆಪ್ನಿ ಆಂಪ್. ಅದರ ಔಟ್‌ಪುಟ್ಟನ್ನು ಮುಖ್ಯ ಆಂಪಿನ ಔಟ್‌ಪುಟ್ಟಿಗೆ ಸೇರಿಸಿ ಇಡಬಾರದು. ಒಂದು ಇನ್ನೊಂದರೊಳಕ್ಕೇ ಕರೆಂಟ್ ನೂಕುತ್ತೆ. ಇನ್‌ಪುಟ್ ಸಿಗ್ನಲ್ ಮೊದಲೇ ಬಂದಿರಬೇಕು, ಗೇನ್ ಮತ್ತು ಲಿಮಿಟರ್ ಮುಖ್ಯ ಆಂಪಿನಷ್ಟೇ ಇರಬೇಕು, ಸ್ಪೀಕರ್ ಕೇಬಲ್ ಮಾತ್ರ ಕಿತ್ತು ಚುಚ್ಚುವಂತಿರಬೇಕು. ಹಿಂದಿನ ಕಾಲು ಇಂಚಿನ ಪ್ಲಗ್ಗುಗಳಲ್ಲಿ ಚುಚ್ಚುವಾಗಲೇ ಶಾರ್ಟ್ ಆಗೋ ಭಯ ಇತ್ತು. 1987ರಲ್ಲಿ ನ್ಯೂಟ್ರಿಕ್ ಕಂಪನಿ ತಂದ ಸ್ಪೀಕಾನ್ ಕನೆಕ್ಟರ್ ಆ ಭಯ ಕಳೆಯಿತು. ತಿರುಗಿಸಿದರೆ ಲಾಕ್, ಕತ್ತಲಲ್ಲೂ ತಪ್ಪೋದಿಲ್ಲ.

ಇಷ್ಟೆಲ್ಲಾ ಮಾಡಿ ಮುಖ್ಯ ಆಂಪನ್ನೂ ಸ್ಟೆಪ್ನಿಯನ್ನೂ ಕರೆಂಟಿನ ಒಂದೇ ಫೇಸಿಗೆ ಹಾಕಿದರೆ, ಆ ಫೇಸ್ ಹೋದ ದಿನ ಮತ್ತೆ ಸ್ಟ್ಯಾನ್‌ಫರ್ಡೇ! ಈಗ ಆಡಿಯೋ ನೆಟ್‌ವರ್ಕಿನಲ್ಲೂ ಇದೇ ಮಾತು. 2006ರಲ್ಲಿ ಬಂದ ಡಾಂಟೆಯಲ್ಲಿ ಪ್ರೈಮರಿ, ಸೆಕೆಂಡರಿ ಅಂತ ಎರಡು ನೆಟ್‌ವರ್ಕ್ ಇಡಬಹುದು. ಎರಡರ ಸ್ವಿಚ್ಚುಗಳಿಗೂ ಪವರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಬಂದರೆ ಏನು ಬಂತು ಭಾಗ್ಯ? ಒಂದೇ ಕಾರಣಕ್ಕೆ ಎರಡೂ ಸಾಯುವಂತಿದ್ದರೆ ಎರಡನೆಯದು ಬ್ಯಾಕಪ್ ಅಲ್ಲ, ಬರೀ ಭಾರ.

ಆಂಪ್ ಒಂದನ್ನೇ ಕಾದರೂ ಸಾಲದು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಲೈವ್ ಏಡ್‌ನಲ್ಲಿ ಪಾಲ್ ಮೆಕಾರ್ಟ್ನಿ ಪಿಯಾನೋ ಮುಂದೆ ಕೂತು ಹಾಡತೊಡಗಿದಾಗ ಅವನ ಮೈಕ್ ಸುಮಾರು ಎರಡು ನಿಮಿಷ ಸತ್ತಿತ್ತು. ಆಂಪು, ಸ್ಪೀಕರು ಎಲ್ಲಾ ಸಜ್ಜಾಗಿದ್ದವು, ದನಿಯೇ ಅಲ್ಲಿಗೆ ಬರಲಿಲ್ಲ.

ಆದ್ದರಿಂದ ಬ್ಯಾಕಪ್ ಪ್ಲಾನ್ ಮಾಡುವಾಗ 'ಇನ್ನೊಂದು ಯಾವುದು ಕೊಳ್ಳಲಿ' ಅನ್ನೋದಕ್ಕಿಂತ 'ಇದು ಸತ್ತರೆ ಯಾರಿಗೆ ಏನು ಕೇಳಿಸೋದಿಲ್ಲ' ಅಂತ ಮೊದಲು ಕೇಳಬೇಕು. ಬೇಸ್ ಸ್ವಲ್ಪ ಕಮ್ಮಿಯಾದರೆ ನಡೆಯುತ್ತೆ, ಹಾಡೋ ದನಿ ನಿಂತರೆ ನಡೆಯೋದಿಲ್ಲ. ಕೈಯಲ್ಲಿ ಒಂದೇ ಸ್ಟೆಪ್ನಿ ಆಂಪ್ ಇದ್ದರೆ ಅದನ್ನು ದನಿಯ ಆಂಪಿನ ಪಕ್ಕ ಇಡಿ, ಬೇರೆ ಫೇಸಿನ ಮೇಲೆ.