ದಾಟಿಸಿದವನ ಗುರುತು

ಊರು ಬಿಟ್ಟವರ ಕಾಗದವನ್ನು ಹೊಸ ವಿಳಾಸಕ್ಕೆ ದಾಟಿಸುವ ಸೌಜನ್ಯವನ್ನು ಮಿಂಚಂಚೆ ಹುಟ್ಟಿನಿಂದಲೇ ಬಲ್ಲದು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟಲ್ ಸಿದ್ಧಪಡಿಸಿದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ 251 ಎಂಬ ಉತ್ತರ ಸಂಕೇತವಿದೆ. ವ್ಯಕ್ತಿ ಇಲ್ಲಿಲ್ಲ, ಇರುವಲ್ಲಿಗೆ ಕಳುಹಿಸುತ್ತೇನೆ ಎಂಬುದು ಅದರ ತಾತ್ಪರ್ಯ. ಪತ್ರವನ್ನು ಮುಂದೆ ಸಾಗಿಸುವ ಗಣಕ ಹಿಂದಿರುಗುವ ಹಾದಿಯಲ್ಲಿ ತನ್ನ ಹೆಸರನ್ನೂ ಸೇರಿಸಬೇಕೆಂಬ ವಿಧಿಯೂ ಅಲ್ಲಿತ್ತು. ಗಣಕಗಳು ಪರಸ್ಪರ ನೇರವಾಗಿ ತಲುಪುವಂತಾದಾಗ ಈ ಸರಪಳಿ ಅನಗತ್ಯವೆನಿಸಿ, 1989ರ ಪರಿಷ್ಕರಣೆ ಅದನ್ನು ಬಳಸದಿರಲು ಸೂಚಿಸಿತು. ದಾಟಿಸುವವನು ಹೀಗೆ ಅನಾಮಧೇಯನಾದ.

ಲಕೋಟೆಯ ಮೇಲೆ ಉಳಿದ ಹೆಸರು ನಿಜವೇ ಎಂದು ವಿಚಾರಿಸುವ ಏರ್ಪಾಡು ಮಾತ್ರ ಇರಲಿಲ್ಲ. ವಂಚಕರಿಗೆ ಅಷ್ಟೇ ಸಾಕಾಯಿತು. 2006ರಲ್ಲಿ ಪ್ರಕಟವಾದ ಎಸ್‌ಪಿಎಫ್, ತನ್ನ ಹೆಸರಿನಲ್ಲಿ ಯಾವ ಗಣಕಗಳು ಪತ್ರ ಕಳುಹಿಸಬಹುದೆಂದು ಸಾರುವ ಅವಕಾಶವನ್ನು ಪ್ರತಿ ಡೊಮೇನ್‌ಗೂ ನೀಡಿತು. ದಾಟಿಸುವ ಗಣಕ ಆ ಪಟ್ಟಿಯಲ್ಲಿರುವುದಿಲ್ಲ. ಹಾಗಾಗಿ ಪ್ರಾಮಾಣಿಕ ಸಾಗಣೆಗಾರನೂ ಕಪಟಿಯೂ ಒಂದೇ ರೀತಿ ಕಾಣತೊಡಗಿದರು. ಮರುವರ್ಷದ ಡಿಕೆಐಎಂ ಪತ್ರದ ಒಡಲಿಗೇ ಮುದ್ರೆಯೊತ್ತಿತು. ಆ ಮುದ್ರೆ ಪ್ರಯಾಣವನ್ನು ಸಹಿಸುತ್ತದೆ, ತಿದ್ದುಪಡಿಯನ್ನಲ್ಲ. ಚರ್ಚಾಬಳಗವೊಂದು ಪತ್ರದ ಅಡಿಯಲ್ಲಿ ತನ್ನ ಒಂದು ಸಾಲು ಸೇರಿಸಿದರೂ ಒಡೆಯುತ್ತದೆ.

ಓದುಗನ ಕಣ್ಣಿಗೆ ಬೀಳುವ ಹೆಸರನ್ನು ಈ ಎರಡು ಪರೀಕ್ಷೆಗಳಿಗೆ ಬಿಗಿದದ್ದು ಡಿಮಾರ್ಕ್. ಎರಡರಲ್ಲೂ ಸೋತ ಪತ್ರವನ್ನು ತಿರಸ್ಕರಿಸಿರೆಂದು ಡೊಮೇನಿನ ಒಡೆಯ ಇದರ ಮೂಲಕ ಕೋರಬಹುದು. 2014ರ ಏಪ್ರಿಲ್‌ನಲ್ಲಿ ಯಾಹೂ, ಅದರ ಹಿಂದೆಯೇ ಎಒಎಲ್, ಸಾಮಾನ್ಯ ಬಳಕೆದಾರರ ವಿಳಾಸಗಳಿಗೂ ಈ ಕಟ್ಟಳೆಯನ್ನು ವಿಧಿಸಿದವು. ಪರಿಣಾಮ ವಿಚಿತ್ರವಾಗಿತ್ತು. ಯಾಹೂ ಸದಸ್ಯನೊಬ್ಬ ಬಳಗಕ್ಕೆ ಬರೆದರೆ, ಇತರ ಸದಸ್ಯರ ಅಂಚೆಗಣಕಗಳು ಆ ಪತ್ರವನ್ನು ಹಿಂದಿರುಗಿಸಿದವು. ಹಿಂದಿರುಗಿದ ಪತ್ರಗಳನ್ನು ಎಣಿಸಿದ ಬಳಗದ ತಂತ್ರಾಂಶ, ಏನೂ ಬರೆಯದ ಆ ಸದಸ್ಯರನ್ನೇ ಪಟ್ಟಿಯಿಂದ ತೆಗೆಯತೊಡಗಿತು. ತಪ್ಪು ಯಾರದೂ ಅಲ್ಲ, ದಂಡ ಮಾತ್ರ ಓದುಗರಿಗೆ.

ಪರಿಹಾರಗಳ ದಿಕ್ಕು ಕುತೂಹಲಕರ. ಎಸ್‌ಆರ್‌ಎಸ್ ವಿಧಾನದಲ್ಲಿ ದಾಟಿಸುವ ಗಣಕ ಹಿಂದಿರುಗುವ ವಿಳಾಸದಲ್ಲಿ ತನ್ನ ಹೆಸರನ್ನು ಬರೆಯುತ್ತದೆ. 1989ರಲ್ಲಿ ಬದಿಗಿಟ್ಟದ್ದೇ ಬೇರೆ ವೇಷದಲ್ಲಿ ಮರಳಿತು. ಇದರಿಂದ ಎಸ್‌ಪಿಎಫ್ ತಣಿಯುತ್ತದೆ, ಡಿಮಾರ್ಕ್ ತಣಿಯದು. 2019ರ ಎಆರ್‌ಸಿಯಲ್ಲಿ, ಪತ್ರ ತನ್ನ ಬಳಿಗೆ ಬಂದಾಗ ಪರೀಕ್ಷೆಗಳ ಫಲವೇನಿತ್ತೆಂದು ಸಾಗಣೆಗಾರ ಮುದ್ರೆಸಹಿತ ಸಾಕ್ಷಿ ನುಡಿಯುತ್ತಾನೆ. ಆದರೆ ಸಾಕ್ಷಿಯನ್ನು ನಂಬುವುದೂ ಬಿಡುವುದೂ ಸ್ವೀಕರಿಸುವವನ ಇಚ್ಛೆ.

ಮೋಸ ತಡೆಯುವ ಈ ಬೇಲಿಗಳು ಬೇಕೇ ಬೇಕು. ಆದರೆ ಹಳೆಯ ಕಾಲೇಜು ನೀಡಿದ ವಿಳಾಸ, ಪುಟ್ಟ ಸಂಘದ ಬಳಗ, ಇವುಗಳ ಮೂಲಕ ಬರುವ ಕಾಗದ ಇಂದು ಕೆಲವೇ ದೊಡ್ಡ ದ್ವಾರಪಾಲಕರ ವಿವೇಚನೆಗೆ ಒಳಪಟ್ಟಿದೆ. ಅವರು ತಡೆದ ಪತ್ರದ ಸುದ್ದಿ ಕಾಯುತ್ತಿದ್ದವನಿಗೆ ತಿಳಿಯುವುದೇ ಇಲ್ಲ.