ಕ್ಯಾನ್ಸರಲ್ಲದ ಗಡ್ಡೆಗೆ ಎಷ್ಟು ದವಡೆ ತೆರಬೇಕು?

ದವಡೆ ಮೂಳೆಯೊಳಗೆ ಹುಟ್ಟುವ ಅಪರೂಪದ ಗಡ್ಡೆಗಳಲ್ಲಿ ಅಮೆಲೋಬ್ಲಾಸ್ಟೋಮಾದ ನಡವಳಿಕೆ ವಿಚಿತ್ರ. ಇದು ಕ್ಯಾನ್ಸರಲ್ಲ, ಸಾಮಾನ್ಯವಾಗಿ ಬೇರೆ ಅಂಗಗಳಿಗೆ ಹರಡುವುದೂ ಇಲ್ಲ. ಆದರೆ ಇದ್ದಲ್ಲೇ ಮೂಳೆಯನ್ನು ತಿನ್ನುತ್ತ ಹಲ್ಲುಗಳನ್ನು ಸಡಿಲಿಸಿ ಮುಖದ ಆಕಾರವನ್ನೇ ಕೆಡಿಸಬಲ್ಲದು. ಹೆಚ್ಚಾಗಿ ನೋವಿರುವುದಿಲ್ಲ. ಹಾಗಾಗಿ ಬೇರಾವುದೋ ಹಲ್ಲಿಗೆಂದು ತೆಗೆಸಿದ, ಇಡೀ ದವಡೆಯನ್ನು ತೋರಿಸುವ ಓಪಿಜಿ ಎಕ್ಸ್‌ರೇಯಲ್ಲಿ ಅಕಸ್ಮಾತ್ ಕಂಡುಬರುವುದುಂಟು. 1827ರಲ್ಲಿ ಕ್ಯೂಸಾಕ್ ಎಂಬ ವೈದ್ಯ ಇದನ್ನು ಗುರುತಿಸಿದ. 1879ರಲ್ಲಿ ಫಾಲ್ಕ್‌ಸನ್ ವಿವರವಾಗಿ ವರ್ಣಿಸಿದ. ಎನಾಮಲ್ ಕಟ್ಟುವ ಅಂಗಾಂಶಕ್ಕೂ ಇದಕ್ಕೂ ಇರುವ ನಂಟನ್ನು ಮಲಾಸೆ 1885ರಲ್ಲೇ ಹೆಸರಿನಲ್ಲಿ ಸೂಚಿಸಿದ್ದ. ಈಗಿನ ಹೆಸರು ಬಂದದ್ದು 1930ರಲ್ಲಿ. ಇಷ್ಟಾದರೂ ಶಸ್ತ್ರವೈದ್ಯರ ಪ್ರಶ್ನೆ ಇದ್ದಲ್ಲೇ ಇತ್ತು: ಎಷ್ಟು ಕತ್ತರಿಸಬೇಕು? ಒಂದೇ ಹೆಸರಿನಡಿ ಕೂಡಿಬಿದ್ದಿದ್ದ ಬೇರೆ ಬೇರೆ ಸ್ವಭಾವದ ಗಡ್ಡೆಗಳನ್ನು ಬಿಡಿಸಿ ನೋಡಿದಾಗಲೆಲ್ಲ ಈ ಪ್ರಶ್ನೆಗೆ ಸ್ವಲ್ಪ ಸ್ವಲ್ಪ ಉತ್ತರ ಸಿಕ್ಕಿದೆ ಎಂಬುದು ನನ್ನ ವಾದ.

ಗಟ್ಟಿಯಾಗಿ, ಹಲವು ಕೋಣೆಗಳಾಗಿ ಬೆಳೆಯುವ ಬಗೆಯನ್ನೇ ನೋಡಿ. ಅದರ ಜೀವಕೋಶಗಳು ಎಕ್ಸ್‌ರೇಯಲ್ಲಿ ಕಾಣುವ ಅಂಚನ್ನು ದಾಟಿ, ಸ್ಪಂಜಿನಂಥ ಒಳಮೂಳೆಯ ಸಂದುಗಳಿಗೆ ನುಸುಳಿರುತ್ತವೆ. ಕೆರೆದು ತೆಗೆದರೆ ಕಂಡದ್ದು ಹೋಗುತ್ತದೆ, ಕಾಣದ್ದು ಉಳಿಯುತ್ತದೆ. ಕೆರೆದು ತೆಗೆದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರುಕಳಿಸಿದ್ದನ್ನು ಹಲವು ಹಳೆಯ ವರದಿಗಳು ಹೇಳುತ್ತವೆ. ಅಂಚಿನಾಚೆ 1ರಿಂದ 2 ಸೆಂಟಿಮೀಟರ್ ಆರೋಗ್ಯವಂತ ಮೂಳೆಯನ್ನೂ ಸೇರಿಸಿ ಕತ್ತರಿಸಿದಲ್ಲಿ ಆ ಪ್ರಮಾಣ ಬಹಳ ಇಳಿಯುತ್ತದೆ. ಆದರೆ 1977ರಲ್ಲಿ ರಾಬಿನ್ಸನ್ ಮತ್ತು ಮಾರ್ಟಿನೆಜ್ ಒಂದೇ ಚೀಲದಂತೆ ಬೆಳೆಯುವ, ಹೆಚ್ಚಾಗಿ ಎಳೆಯರಲ್ಲಿ ಕಾಣುವ ಬಗೆಯನ್ನು ಪ್ರತ್ಯೇಕಿಸಿ, ಅದು ಅಷ್ಟು ಮೊಂಡಲ್ಲ ಎಂದು ತೋರಿಸಿದರು. ಅದರಲ್ಲೂ ಗಡ್ಡೆ ಚೀಲದ ಗೋಡೆಯೊಳಕ್ಕೆ ಇಳಿದಿದ್ದರೆ ಲೆಕ್ಕ ಬೇರೆ. ಮೇಲ್ದವಡೆಯಲ್ಲಂತೂ ಮೂಳೆ ತೆಳು, ಕಣ್ಣುಗೂಡು ಮತ್ತು ತಲೆಬುರುಡೆಯ ತಳ ಹತ್ತಿರ. ಅಲ್ಲಿ ಉಳಿದುಹೋದ ಚೂರು ಜೀವಕ್ಕೇ ಕುತ್ತಾಗಬಹುದು.

ಜೀವ ತೆಗೆಯದ ಗಡ್ಡೆಗಾಗಿ ಹದಿನೈದರ ಹುಡುಗಿಯ ಅರ್ಧ ದವಡೆ ತೆಗೆಯುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ತೂಕದ ಆಕ್ಷೇಪವೇ. 1989ರಲ್ಲಿ ಹಿಡಾಲ್ಗೊ ಕಾಲಿನ ಫಿಬುಲಾ ಮೂಳೆಯಿಂದ ಕೆಳದವಡೆ ಕಟ್ಟುವ ವಿಧಾನವನ್ನು ವರದಿ ಮಾಡಿದ ಮೇಲೆ ನಷ್ಟದ ಪ್ರಮಾಣ ತಗ್ಗಿತು, ನಷ್ಟವೇ ಇಲ್ಲವೆಂದಲ್ಲ. ಆದರೆ ಸಣ್ಣ ಶಸ್ತ್ರಚಿಕಿತ್ಸೆಯ ಪರವಾದ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಈ ಗಡ್ಡೆ ಹತ್ತು ವರ್ಷ ಕಳೆದ ಮೇಲೂ ಮರಳಬಲ್ಲದು, ಐದು ವರ್ಷದ ನಿಗಾ ಅದನ್ನು ಹಿಡಿಯಲಾರದು. ಹಾಗೆಂದು ದೊಡ್ಡ ಕತ್ತರಿಯೇ ಸದಾ ಸರಿಯೆನ್ನಲೂ ಆಗದು. ಕೆರಟೋಸಿಸ್ಟ್ ಎಂಬ ದವಡೆಯ ಚೀಲವೂ ಹಟಮಾರಿಯೇ. ಆದರೂ ಅದಕ್ಕೆ ಕಿಂಡಿ ಕೊರೆದು ಒಳಗಿನ ಒತ್ತಡ ಇಳಿಸಿದರೆ ಎಷ್ಟೋ ಸಲ ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅದನ್ನು ಗಡ್ಡೆಯೆಂದು ಕರೆದು, 2017ರಲ್ಲಿ ಮತ್ತೆ ಚೀಲಗಳ ಪಟ್ಟಿಗೆ ಸೇರಿಸಿತು. ಪಟ್ಟಿ ಬದಲಾಯಿತೆಂದು ಅದು ಮರುಕಳಿಸುವ ಚಾಳಿಯನ್ನೇನೂ ಬಿಡಲಿಲ್ಲ.

2014ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಬಹುಪಾಲು ಅಮೆಲೋಬ್ಲಾಸ್ಟೋಮಾಗಳಲ್ಲಿ, ಅದರಲ್ಲೂ ಕೆಳದವಡೆಯವುಗಳಲ್ಲಿ, ಬಿಆರ್‌ಎಎಫ್ ಜೀನಿನ ವಿ600ಇ ರೂಪಾಂತರ ಪತ್ತೆಯಾಯಿತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಅದೇ ರೂಪಾಂತರದ ವಿರುದ್ಧ ಬಳಕೆಯಲ್ಲಿದ್ದ ಡಾಬ್ರಾಫೆನಿಬ್‌ನಂಥ ಮಾತ್ರೆಗಳಿಂದ ಈ ಗಡ್ಡೆಗಳೂ ಕುಗ್ಗಿದ ವರದಿಗಳು ಬಂದವು. ಇನ್ನು ಕತ್ತರಿಯೇ ಬೇಡವೆಂಬ ಉತ್ಸಾಹಕ್ಕೆ ಪುರಾವೆ ಸಾಲದು. ಚಿಕಿತ್ಸೆ ಪಡೆದವರು ಬೆರಳೆಣಿಕೆಯಷ್ಟು, ಮಾತ್ರೆಗೆ ಅಡ್ಡಪರಿಣಾಮಗಳೂ ಇವೆ. ಗಡ್ಡೆಯನ್ನು ಮೊದಲು ಕುಗ್ಗಿಸಿ, ಆಮೇಲೆ ಕಡಿಮೆ ಮೂಳೆ ತೆಗೆಯುವ ದಾರಿ ಹೆಚ್ಚು ವಿವೇಕದ್ದು. ತೊಡಕೆಂದರೆ, ಶಸ್ತ್ರಚಿಕಿತ್ಸೆ ಅತಿ ಕಷ್ಟವಾದ ಮೇಲ್ದವಡೆಯಲ್ಲೇ ಈ ರೂಪಾಂತರ ಕಡಿಮೆ. ಅಲ್ಲಿ ಹೆಚ್ಚಾಗಿ ಸಿಗುವುದು ಎಸ್‌ಎಂಒ ಎಂಬ ಬೇರೊಂದು ಜೀನಿನ ದೋಷ, ಅದಕ್ಕೆ ಈ ಮಾತ್ರೆಗಳು ನಾಟುವುದಿಲ್ಲ.