ನೊಗದಿಂದ ನಾಲ್ಕು ಚಕ್ರದ ಎಳೆತಕ್ಕೆ: ತೆಂಗಿನ ಸೀಮೆಯಿಂದ ಕಂಡ ಒಂದು ಚರಿತ್ರೆ

ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಯಸಂದ್ರವು, ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆಗಳನ್ನು ಹಾದು ನಾಗಮಂಗಲದತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಅಲ್ಲಿಂದ ತೆಂಕಲಿಗೆ ಹೊರಟರೆ ಬೆಂಗಳೂರು–ಮಂಗಳೂರು ಹೆದ್ದಾರಿ ಸಿಗುತ್ತದೆ; ಆ ಹೆದ್ದಾರಿ ಹಾಸನವನ್ನು ದಾಟಿ ಸಕಲೇಶಪುರದ ಮಲೆನಾಡನ್ನು ಹೊಕ್ಕು ಶಿರಾಡಿ ಘಾಟಿಯನ್ನು ಇಳಿಯುತ್ತದೆ. ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆ ಕಾಣುವ ಕೆಂಪು ಮಣ್ಣಿನ ಬಯಲಿಗೂ ಏಳು ಸಾವಿರ ಮಿಲಿಮೀಟರ್ ಮೀರುವ ಆಗುಂಬೆಯಂಥ ಮಲೆಗೂ ಒಂದೇ ಬಗೆಯ ವಾಹನ ಒಗ್ಗುವುದಿಲ್ಲ. ಆದ್ದರಿಂದಲೇ, ಭಾರ ಎಳೆಯುವುದು ಎತ್ತಾಗಿರಲಿ ಎಂಜಿನ್ನಾಗಿರಲಿ, ಅದನ್ನು ಸಾಕಿದವರು ಕೇಳಿಕೊಂಡು ಬಂದಿರುವ ಪ್ರಶ್ನೆಗಳು ಮೂರು: ಇದರ ತಳಿ ಯಾವುದು, ಇದರ ನಡೆ ಎಂಥದು, ಇದಕ್ಕೆ ಹೆಸರು ಬಂದದ್ದು ಯಾವ ಕೆಲಸದಿಂದ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹಂಚುವ ವಾಹನಗಳ ಕರ್ನಾಟಕದ ಚರಿತ್ರೆಯನ್ನು ಈ ಮೂರು ಪ್ರಶ್ನೆಗಳ ಮೂಲಕವೇ ನೋಡುವುದು ಉಚಿತ.

ಈ ಪ್ರಶ್ನೆಗಳು ಜೀಪಿಗಿಂತ ಬಹಳ ಹಳೆಯವು. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯ ಅಡಿಯಲ್ಲಿ ಅರಮನೆಯ ದನಗಳನ್ನು ಒಟ್ಟುಗೂಡಿಸಿ, ಅವುಗಳ ಮೇವಿಗೆಂದು ಕಾವಲುಗಳನ್ನು, ಅಂದರೆ ಉಳುಮೆಗೆ ಕೊಡದೆ ಮೀಸಲಿಟ್ಟ ಹುಲ್ಲುಗಾವಲುಗಳನ್ನು, ಗೊತ್ತುಮಾಡಿದರು. ಹೈದರಾಲಿ ಅದನ್ನು ಸೇನೆಯ ಸಾಗಣೆಯ ಅಂಗವಾಗಿ ಬೆಳೆಸಿದನು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟು ಪಾಲನೆಯ ನಿಯಮಗಳನ್ನು ಬರೆಯಿಸಿದನು. ಈ ಎತ್ತುಗಳ ಬಲದಿಂದ ಹೈದರನ ಸೇನೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಕ್ರಮಿಸಿತೆಂಬ ಮಾತು ಬ್ರಿಟಿಷರ ಕಾಲದ ಮೈಸೂರಿನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೃತ ಮಹಲಿನ ದನಗಳಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಪಂಗಡಗಳನ್ನು ಗುರುತಿಸುತ್ತಿದ್ದರು. ಇವುಗಳಲ್ಲಿ ಹಾಗಲವಾಡಿ ಎಂಬುದು ಇದೇ ಸೀಮೆಯ ಪಾಳೆಯಪಟ್ಟಿನ ಹೆಸರು, ಹಳ್ಳಿಕಾರ್ ತಳಿಯಾದರೋ ತುಮಕೂರು, ಮಂಡ್ಯ, ಹಾಸನಗಳ ರೈತರ ಕೊಟ್ಟಿಗೆಗಳಲ್ಲಿ ಇಂದಿಗೂ ಉಳಿದಿದೆ. ತಿಪಟೂರಿನ ಕೊನೇಹಳ್ಳಿಯಲ್ಲಿ ಅಮೃತ ಮಹಲ್ ತಳಿಯ ಸಂಶೋಧನಾ ಕೇಂದ್ರವಿದೆ. ಅಮೃತ ಮಹಲಿನ ಎತ್ತು ಚುರುಕು, ಆದರೆ ಪಳಗಿಸುವುದು ಕಷ್ಟ; ಹಳ್ಳಿಕಾರ್ ಎತ್ತು ಗಾಡಿಗೂ ಹೊಲಕ್ಕೂ ಒಗ್ಗುವಂಥದು ಎಂಬ ವಿವೇಚನೆ, ಸುಳಿ, ಹಲ್ಲು, ಗೊರಸುಗಳನ್ನು ನೋಡಿ ಜೋಡಿ ಕೊಳ್ಳುವ ದನದ ಜಾತ್ರೆಗಳಲ್ಲಿ ತಲೆಮಾರುಗಳಿಂದ ಬೆಳೆದು ಬಂದದ್ದು. ಯುದ್ಧಕ್ಕಾಗಿ ತಿದ್ದಿದ ತಳಿಯೊಂದು ರೈತನ ನೊಗಕ್ಕೆ ಅಳತೆಗೋಲಾದದ್ದು ಇಲ್ಲಿ ಗಮನಿಸಬೇಕಾದ ಸಂಗತಿ, ಏಕೆಂದರೆ ಜೀಪಿನ ಚರಿತ್ರೆಯೂ ಅದೇ ದಾರಿಯಲ್ಲಿ ಸಾಗಿತು.

1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆಯು ಕಾಲು ಟನ್ ಭಾರ ಹೊರುವ, ನಾಲ್ಕು ಚಕ್ರಗಳಿಗೂ ಎಳೆತವಿರುವ ಹಗುರ ವಾಹನವೊಂದು ಬೇಕೆಂದು ಕೇಳಿದಾಗ, ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಮೊದಲ ವಿನ್ಯಾಸವನ್ನು ಮಾಡಿಕೊಟ್ಟನು. ಬ್ಯಾಂಟಮ್ಮಿಗೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಶಕ್ತಿಯಿಲ್ಲದ್ದರಿಂದ ಹೆಚ್ಚಿನ ಕೆಲಸ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಗಿ, ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದವು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಆರಂಭವಾಗಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾದ ಸಂಸ್ಥೆಯು, ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಇಲ್ಲಿಯೇ ದಶಕಗಟ್ಟಲೆ ತಯಾರಾಯಿತು. 1980ರ ದಶಕದ ಎಂಎಂ 540 ಮಾದರಿಗೆ ಫ್ರಾನ್ಸಿನ ಪ್ಯೂಜೋ ಮೂಲದ ಡೀಸೆಲ್ ಎಂಜಿನ್ ಬಂದಿತು. ಕಡಿಮೆ ಖರ್ಚಿನಲ್ಲಿ, ಕಡಿಮೆ ವೇಗದಲ್ಲಿ ಹೆಚ್ಚು ಎಳೆಯುವ ಡೀಸೆಲ್ ಜೀಪು ಮಲೆನಾಡಿನ ಕಾಫಿ ತೋಟಗಳಿಗೆ ಒಗ್ಗಿತು. ಕೊಡಚಾದ್ರಿಯ ಬೆಟ್ಟದ ದಾರಿಯಲ್ಲಿಯೂ ಮಡಿಕೇರಿ ಬಳಿಯ ಮಾಂದಲಪಟ್ಟಿಯಲ್ಲಿಯೂ ಯಾತ್ರಿಕರನ್ನು ಹೊತ್ತು ಏರುವ ಬಾಡಿಗೆ ಜೀಪುಗಳು ಆ ಪರಂಪರೆಯ ಮುಂದುವರಿಕೆಯೇ ಆಗಿವೆ.

ಈ ಜೀಪುಗಳ ನಡೆಯನ್ನು ತಿಳಿಯಲು ಅವುಗಳ ಒಳರಚನೆಯನ್ನು ಸ್ವಲ್ಪ ತಿಳಿಯಬೇಕು. ಗೇರ್ ಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿದ್ದು, ಅದರ ಲಿವರನ್ನು ಎಳೆದಾಗ ಮಾತ್ರ ಮುಂದಿನ ಆಕ್ಸಲ್ಲಿಗೂ ಬಲ ಹರಿಯುತ್ತದೆ. ಅದರೊಳಗಿನ ಲೋ ಗೇರ್ ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ, ಆದರೆ ಈ ಏರ್ಪಾಡಿನಲ್ಲಿ ಎರಡು ಆಕ್ಸಲ್ಲುಗಳೂ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಆ ವ್ಯತ್ಯಾಸಕ್ಕೆ ಎಡೆಯಿರುವುದಿಲ್ಲ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಒತ್ತಡ ಕಳೆಯುತ್ತದೆ. ಡಾಂಬರಿನ ಮೇಲಾದರೆ ಸ್ಟೀರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಗೇರುಗಳ ಮೇಲೆ ಹೊರೆ ಬೀಳುತ್ತದೆ. ಬಯಲುಸೀಮೆಯ ಗಟ್ಟಿ ರಸ್ತೆಗಳಲ್ಲಿ ಜನರನ್ನು ಸಾಗಿಸಿದ ಎಷ್ಟೋ ಜೀಪುಗಳು ಹಿಂದಿನ ಎರಡು ಚಕ್ರಗಳ ಎಳೆತವನ್ನಷ್ಟೇ ಹೊಂದಿದ್ದುದಕ್ಕೆ ಬೆಲೆಯ ಜೊತೆಗೆ ಈ ನೆಲದ ಗುಣವೂ ಕಾರಣ.

ಡೀಸೆಲ್ ಜೀಪಿಗೆ ಎದುರಾಗಿ ಹೋಲಿಕೆಗೆ ಬಂದದ್ದು ಮಾರುತಿ ಜಿಪ್ಸಿ. 1970ರಲ್ಲಿ ಜಪಾನಿನ ಸುಜುಕಿ ಹೊರತಂದ ಜಿಮ್ನಿಯ ವಂಶದಲ್ಲಿ ಹುಟ್ಟಿದ ಈ ವಾಹನ ಭಾರತಕ್ಕೆ 1985ರಲ್ಲಿ 970 ಸಿ.ಸಿ. ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂದು, 1996ರಲ್ಲಿ 1.3 ಲೀಟರಿನ ಎಂಜಿನ್ ಪಡೆದು ‘ಜಿಪ್ಸಿ ಕಿಂಗ್’ ಆಯಿತು. ಸುಮಾರು ಒಂದು ಟನ್ ತೂಗುವ ಜಿಪ್ಸಿಯು ಭಾರದ ಜೀಪುಗಳು ಹೂತುಹೋಗುವ ಕೆಸರನ್ನು ತನ್ನ ಹಗುರತನದಿಂದಲೇ ದಾಟುತ್ತಿತ್ತು, ಆದರೆ ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗುಗಳಿದ್ದುದರಿಂದ ಒಳಗೆ ಕುಳಿತವರಿಗೆ ಕುಲುಕಾಟ ತಪ್ಪುತ್ತಿರಲಿಲ್ಲ. ಪೆಟ್ರೋಲಿನ ಖರ್ಚಿನ ಕಾರಣದಿಂದ ಅದು ರೈತರಿಗಿಂತ ಸೇನೆ, ಪೊಲೀಸು, ಅರಣ್ಯ ಇಲಾಖೆಗಳಲ್ಲಿಯೂ ರ್‍ಯಾಲಿ ಚಾಲಕರಲ್ಲಿಯೂ ಹೆಸರು ಮಾಡಿತು.

ಆಲ್ ವೀಲ್ ಡ್ರೈವ್ ಎಂಬುದು ಇದಕ್ಕಿಂತ ಬೇರೆಯಾದ ಕವಲು. ಚಾಲಕನು ಲಿವರ್ ಎಳೆಯಬೇಕಿಲ್ಲದೆ, ಡಾಂಬರಿನ ಮೇಲೆಯೂ ನಾಲ್ಕು ಚಕ್ರಗಳಿಗೆ ಬಲ ಹಂಚಬಲ್ಲ ವ್ಯವಸ್ಥೆ ಇದು; ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಇನ್ನೊಂದು ಡಿಫರೆನ್ಷಿಯಲ್ಲನ್ನೋ, ಅಗತ್ಯ ಬಿದ್ದಾಗ ಮಾತ್ರ ಕಚ್ಚಿಕೊಳ್ಳುವ ಕ್ಲಚ್ಚನ್ನೋ ಇಟ್ಟು ಇದನ್ನು ಸಾಧಿಸುತ್ತಾರೆ. ಟ್ರ್ಯಾಕ್ಟರಿನ ಹಿಂದೆ ಉಪಕರಣ ಕಟ್ಟುವ ವಿಧಾನವನ್ನೇ ಬದಲಿಸಿದ ಹ್ಯಾರಿ ಫರ್ಗ್ಯೂಸನ್ನನ ಸಂಶೋಧನಾ ಸಂಸ್ಥೆಯು ರೂಪಿಸಿದ ಇಂಥ ವ್ಯವಸ್ಥೆ 1966ರಲ್ಲಿ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಕಾರಿನಲ್ಲಿ ಕಾಣಿಸಿಕೊಂಡಿತು. 1972ರಲ್ಲಿ ಸುಬಾರು ಲಿಯೋನ್ ಕಾರಿಗೆ ನಾಲ್ಕು ಚಕ್ರದ ಎಳೆತ ಬಂದರೂ ಅದು ಚಾಲಕನೇ ಹಾಕಿಕೊಳ್ಳುವ ಬಗೆಯದಾಗಿತ್ತು. 1980ರ ಆಡಿ ಕ್ವಾಟ್ರೋ ಸದಾ ನಾಲ್ಕು ಚಕ್ರಗಳಿಗೂ ಬಲ ಹಂಚುತ್ತ ರ್‍ಯಾಲಿಗಳನ್ನು ಗೆದ್ದು ಈ ತಂತ್ರಕ್ಕೆ ಲೋಕಪ್ರಸಿದ್ಧಿ ತಂದಿತು. ಈ ಕವಲಿನಲ್ಲಿ ಕರ್ನಾಟಕಕ್ಕೆ ನೇರ ಪಾಲಿದೆ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯ ಬಿಡದಿಯ ಕಾರ್ಖಾನೆಯಿಂದ 2009ರಲ್ಲಿ ಹೊರಬಂದ ಫಾರ್ಚೂನರ್ ಸದಾ ನಾಲ್ಕು ಚಕ್ರದ ಎಳೆತವುಳ್ಳದ್ದಾಗಿದ್ದು, 2016ರ ಹೊಸ ತಲೆಮಾರಿನಲ್ಲಿ ಬೇಕಾದಾಗ ಹಾಕಿಕೊಳ್ಳುವ ಬಗೆಗೆ ಹೊರಳಿತು. ಅದೇ ಬಿಡದಿಯಲ್ಲಿ 2022ರಿಂದ ತಯಾರಾದ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಕಾರುಗಳ ಕೆಲವು ಮಾದರಿಗಳಲ್ಲಿ ಸುಜುಕಿಯ ಆಲ್ ವೀಲ್ ಡ್ರೈವ್ ಇದೆ, ಆದರೆ ಜೀಪಿನ ಲೋ ಗೇರ್ ಇಲ್ಲ: ಒದ್ದೆ ಘಾಟಿ ರಸ್ತೆಯಲ್ಲಿ ಹಿಡಿತ ಕೊಡುವ ಇಂಥ ಕಾರನ್ನು, ಬಂಡೆ ಹತ್ತುವ ಜೀಪಿನ ಅಳತೆಯಿಂದ ಅಳೆಯುವುದು ಎರಡಕ್ಕೂ ಅನ್ಯಾಯ.

ಹೆಸರು ಮತ್ತು ನಡೆ ಬೇರೆ ಬೇರೆಯಾಗುವ ಅಪಾಯಕ್ಕೆ ಮಹೀಂದ್ರದ ಥಾರ್ ಒಳ್ಳೆಯ ನಿದರ್ಶನ. 2010ರಲ್ಲಿ ಹಳೆಯ ಜೀಪಿನ ಉತ್ತರಾಧಿಕಾರಿಯಾಗಿ ಬಂದು 2020ರಲ್ಲಿ ಪೂರ್ತಿ ಹೊಸದಾದ ಈ ವಾಹನಕ್ಕೆ 2023ರಲ್ಲಿ ಹಿಂದಿನ ಚಕ್ರಗಳಿಗಷ್ಟೇ ಎಳೆತವಿರುವ, ನೋಡಲು ಬಹುಮಟ್ಟಿಗೆ ಹಾಗೆಯೇ ಇರುವ ಅಗ್ಗದ ರೂಪವೂ ಸೇರಿತು. ಪೇಟೆಯ ರಸ್ತೆಗೆ ಅದು ಸಾಲುತ್ತದೆ. ಜೀಪು ಕೆಸರಿನಲ್ಲಿ ಗಳಿಸಿದ ಹೆಸರನ್ನು ನಂಬಿ ಅದನ್ನು ಕೆಸರಿಗೆ ಇಳಿಸಿದರೆ ಮಾತ್ರ ಸಾಲದು.

ತೆಂಗಿನ ಸೀಮೆಯ ನೆಲಕ್ಕೆ ನಾಲ್ಕು ಚಕ್ರದ ಎಳೆತ ನಿಜವಾಗಿ ಬೇಕಾದದ್ದು ಸಣ್ಣ ಟ್ರ್ಯಾಕ್ಟರಿಗೆ. ತೆಂಗಿನ ಸಾಲುಗಳ ನಡುವೆ ಅಡಿಕೆ, ಬಾಳೆಗಳನ್ನು ಹಾಕಿದ ತೋಟದಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಲಾರದು. ಸಣ್ಣ ಟ್ರ್ಯಾಕ್ಟರಿಗೆ ತೂಕ ಕಡಿಮೆಯಾದ್ದರಿಂದ, ಹಸಿ ನೆಲದಲ್ಲಿ ಹಿಂದಿನ ಚಕ್ರಗಳಷ್ಟೇ ಎಳೆದರೆ ಅವು ನಿಂತಲ್ಲೇ ಸುತ್ತುತ್ತವೆ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಟಿಲ್ಲರ್ಸ್ ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ತಂದ 18.5 ಅಶ್ವಶಕ್ತಿಯ ಟ್ರ್ಯಾಕ್ಟರಿನಂಥವು ಈ ಕೊರತೆಯನ್ನು ತುಂಬಿದವು. ನೊಗದ ಜೋಡಿ ಮಾಡುತ್ತಿದ್ದ ಅಂತರ ಬೇಸಾಯದ ಕೆಲಸ ಇಂದು ಹೆಚ್ಚಾಗಿ ಇಂಥ ಯಂತ್ರಗಳ ಪಾಲಾಗಿದೆ.

ಹೀಗೆ ಎತ್ತು, ಜೀಪು, ಜಿಪ್ಸಿ, ಕಾರು, ಟ್ರ್ಯಾಕ್ಟರುಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಸ್ಪಷ್ಟವಾಗುವುದೇನೆಂದರೆ, ಎಳೆತದ ಗುಣವನ್ನು ತೀರ್ಮಾನಿಸುವುದು ನೆಲ ಮತ್ತು ಕೆಲಸ. ತಳಿಯು ಒಂದು ವಾಹನ ಯಾವ ಕೆಲಸಕ್ಕಾಗಿ ಹುಟ್ಟಿತೆಂಬುದನ್ನು ಹೇಳುತ್ತದೆ, ನಡೆಯು ಅದು ಯಾವ ನೆಲಕ್ಕೆ ಒಗ್ಗುತ್ತದೆಂಬುದನ್ನು ತೋರಿಸುತ್ತದೆ, ಹೆಸರು ಈ ಎರಡರ ನೆನಪನ್ನು ಮುಂದಿನವರಿಗೆ ಸಾಗಿಸುತ್ತದೆ. ದನದ ಜಾತ್ರೆಯಲ್ಲಿ ಹೆಸರು ಕೇಳಿದ ಮೇಲೂ ಎತ್ತಿನ ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುತ್ತಿದ್ದ ರೈತರ ವಿವೇಕವು ಇಂದಿನ ವಾಹನ ಮಾಲೀಕರಿಗೂ ಅಷ್ಟೇ ಅಗತ್ಯ.